ಬಿಸಿಲು ತಿಂದ ಹಳದಿ

ಮಾನ್ವಿ
ಫೆಬ್ರವರಿ 9, 2025, ಭಾನುವಾರ

ಪ್ರೀತಿಯ ಮುನವ್ವರ್ ಆಪಾಗೆ,

ನಿನ್ನ ರೇಣುಕಮ್ಮನ ಸಲಾಮು. ಖಲೀಲಣ್ಣನಿಗೆ ನಮ್ಮಿಬ್ಬರ ನಮಸ್ಕಾರ ಹೇಳು. ಸಂಕ್ರಾಂತಿಯಿಂದ ಈಚೆಗೆ ನೀನು ನಾಲ್ಕು ಸಲ ಫೋನ್ ಮಾಡಿದೆ, ನಾನು ನಾಲ್ಕು ಸಲವೂ ಎತ್ತಲಿಲ್ಲ. ಸಿಟ್ಟು ಬಂದಿರಬೇಕು, ಬರಲಿ. ಫೋನಿನಲ್ಲಿ ನಿನ್ನ ದನಿ ಕೇಳಿದರೆ ನಾನು ಅಳುತ್ತೇನೆ, ನಾನು ಅತ್ತರೆ ನೀನೂ ಅಳುತ್ತೀಯ, ಕೊನೆಗೆ ಹೇಳಬೇಕಾದ ಮಾತು ಹಾಗೇ ಉಳಿಯುತ್ತದೆ. ಏಳನೇ ತರಗತಿ ಪಾಸಾದ ಪಂಡಿತೆ ಎಂದು ನನ್ನನ್ನು ಹಂಗಿಸುತ್ತಿದ್ದೆಯಲ್ಲ, ಇವತ್ತು ಆ ಪಾಂಡಿತ್ಯವನ್ನೆಲ್ಲ ನಿನಗಾಗಿಯೇ ಖರ್ಚು ಮಾಡುತ್ತಿದ್ದೇನೆ. ನಿಧಾನವಾಗಿ ಓದು, ಒಲೆಯ ಮೇಲೆ ಏನಾದರೂ ಇಟ್ಟಿದ್ದರೆ ಮೊದಲು ಇಳಿಸಿ ಬಾ.

ಸುದ್ದಿ ಏನೆಂದರೆ, ನಾವು ಗಾಲಿಮನೆಯನ್ನು ಹೊರಗಿನಿಂದ ರಿಪೇರಿ ಮಾಡಿಸುತ್ತಿದ್ದೇವೆ. ಹೌದು, ಅದೇ ತಗಡಿನ ಡಬ್ಬಿ. ನಿಮ್ಮದೊಂದು, ನಮ್ಮದೊಂದು, ನಮ್ಮ ಗಂಡಂದಿರು ಓಡಿಸುತ್ತಿದ್ದ ರಸ್ತೆ ಗುತ್ತಿಗೆದಾರರ ಎರಡು ರೋಲರ್‌ಗಳ ಹಿಂದೆ ಕಟ್ಟಿಕೊಂಡು ಹನ್ನೊಂದು ವರ್ಷ ಊರೂರು ಎಳೆಸಿದೆವಲ್ಲ, ಅದು. ನೀವು ಜಾಣರು, ನಿಮ್ಮದನ್ನು ಗುಜರಿಗೆ ಹಾಕಿ ಶಹಾಪುರದಲ್ಲಿ ಸಿಮೆಂಟಿನ ಮನೆ ಕಟ್ಟಿಸಿಕೊಂಡಿರಿ. ಇವರ ಸೊಂಟ ಹೋಗಿ ರೋಲರ್ ಬಿಟ್ಟ ಮೇಲೂ ನಾವು ಅದರಲ್ಲೇ ಉಳಿದೆವು, ಇಲ್ಲಿಯ ರೈಸ್‌ಮಿಲ್ಲಿನ ಗೋಡೆಗೆ ಹಚ್ಚಿ ನಿಲ್ಲಿಸಿಕೊಂಡು. ನೀನು ರಿಪೇರಿಗೆ ಮೊದಲು ನೋಡಿದ್ದರೆ ಗುರುತು ಹಿಡಿಯುತ್ತಿರಲಿಲ್ಲ. ಮಳೆ ಬೀಳುವ ಬದಿಯ ತಗಡು ಕೆಳಗಿನಿಂದ ಮೊಣಕಾಲೆತ್ತರ ತುಕ್ಕು ತಿಂದು, ಬೆರಳು ಒತ್ತಿದರೆ ಒಳಗೆ ಹೋಗುತ್ತಿತ್ತು.

ನಮ್ಮ ಮಗಳು ತಿಮ್ಮಿ ಕಳೆದುಹೋಗಿ ಈ ಶ್ರಾವಣಕ್ಕೆ ಮೂರು ವರ್ಷ ತುಂಬುತ್ತದೆ. ನಿನಗೆ ಗೊತ್ತಿರುವುದನ್ನೇ ಬರೆಯುತ್ತಿದ್ದೇನೆ, ಆದರೆ ಬರೆಯದೆ ಮುಂದಿನದು ಹೇಳಲು ಬರುವುದಿಲ್ಲ. ಅವಳ ಅಂಗವಿಕಲ ಪೆನ್ಶನ್ನಿನ ಕಾಗದ ಮಾಡಿಸಲು ರಾಯಚೂರಿಗೆ ಕರೆದುಕೊಂಡು ಹೋಗಿದ್ದೆ. ಬಸ್‌ಸ್ಟ್ಯಾಂಡಿನಲ್ಲಿ ಕೂರಿಸಿ ಬಾಟಲಿಗೆ ನೀರು ಹಿಡಿದು ಬರುವಷ್ಟರಲ್ಲಿ ಬೆಂಚು ಖಾಲಿ. ಇಪ್ಪತ್ತೆರಡು ವರ್ಷದ ಮೈ, ನಾಲ್ಕು ವರ್ಷದ ಬುದ್ಧಿ, ಬಾಯಲ್ಲಿ ಹತ್ತು ಹನ್ನೆರಡು ಮಾತು. ಅಂಥ ಹುಡುಗಿಯನ್ನು ರೈಲ್ವೆ ಸ್ಟೇಷನ್ನಿನಲ್ಲಿ ಕಂಡೆ ಎಂದು ಯಾರೋ ಒಬ್ಬ ಹೇಳಿದ, ನಾವು ಅವನ ಮಾತು ಹಿಡಿದು ಗುಂತಕಲ್ಲು, ಮಂತ್ರಾಲಯ, ಹೈದರಾಬಾದು ಎಂದು ರೈಲಿನ ದಾರಿಯಲ್ಲೇ ಹುಡುಕಿದೆವು. ಗೋಡೆ ಗೋಡೆಗೆ ಅವಳ ಫೋಟೋ ಅಂಟಿಸಿದೆವು. ಖಲೀಲಣ್ಣ ಮಂಡಿ ನೋವಿನಲ್ಲೂ ನಮ್ಮ ಜೊತೆ ಆದೋನಿಯ ತನಕ ಬಂದದ್ದನ್ನು ನಾನು ಸಾಯುವ ತನಕ ಮರೆಯುವುದಿಲ್ಲ.

ಈಗ ಸಂಕ್ರಾಂತಿಯ ಮರುದಿನ ಇವರು ಊಟಕ್ಕೆ ಕುಳಿತವರು ಮುರಿದ ರೊಟ್ಟಿಯನ್ನು ಹಾಗೇ ತಾಟಿನಲ್ಲಿಟ್ಟು, ನಾವು ಆ ಕೂಸಿಗೆ ಏನು ಕಲಿಸಿದ್ದೆವು ಎಂದು ಕೇಳಿದರು. ನನಗೆ ತಲೆಬುಡ ತಿಳಿಯಲಿಲ್ಲ. ಆಮೇಲೆ ಅವರೇ ನೆನಪು ಮಾಡಿದರು. ಆಪಾ, ನಾವು ರೋಲರಿನವರೆಲ್ಲ ಮಕ್ಕಳಿಗೆ ಒಂದೇ ಪಾಠ ಕಲಿಸುತ್ತಿದ್ದೆವಲ್ಲ. ಊರಿನ ಮಕ್ಕಳು ದಾರಿ ತಪ್ಪಿದರೆ ಮನೆ ಹುಡುಕಿಕೊಂಡು ಹೋಗುತ್ತವೆ, ಮನೆ ಇದ್ದಲ್ಲೇ ಇರುತ್ತದೆ. ನಮ್ಮ ಮನೆ ಬೆಳಿಗ್ಗೆ ಇದ್ದಲ್ಲಿ ಸಂಜೆ ಇರುತ್ತಿರಲಿಲ್ಲ. ಅದಕ್ಕೇ ಮಕ್ಕಳಿಗೆ ಹೇಳಿದ್ದೆವು, ನಾವು ಕಾಣದಿದ್ದರೆ ಎಲ್ಲಿಗೂ ಹೋಗಬೇಡಿ, ಯಾರು ಕರೆದರೂ ಏಳಬೇಡಿ, ರಸ್ತೆ ಬದಿಯ ಮೈಲಿಕಲ್ಲಿನ ಹತ್ತಿರ ಕುಳಿತುಬಿಡಿ, ಮನೆಯೇ ಅಲ್ಲಿಗೆ ಬರುತ್ತದೆ. ನಿನ್ನ ಲತೀಫಾ ಎರಡು ಸಲ ಹಾಗೆ ಕುಳಿತು ಸಿಕ್ಕಿದ್ದಳು.

ಇವರು ಹೇಳಿದ್ದು ಇಷ್ಟು. "ಆಕಿ ಯಾವುದಾರ ಬಸ್ ಹತ್ತಿರ್ತಾಳ. ನೀ ಕಾಣದಾಗ ಇಳಿದಿರ್ತಾಳ. ಇಳಿದಾಕಿ ಕುಂತಿರ್ತಾಳ. ನಾವು ರೈಲಿನ ಹಿಂದ ಓಡಿದ್ವಿ, ರೇಣುಕಾ. ಮನಿ ಒಯ್ಯಲಿಲ್ಲ."

ನನಗೆ ಮೈಯೆಲ್ಲ ಉರಿಯಿತು. ಎರಡೂವರೆ ವರ್ಷ ಯಾರು ರಸ್ತೆ ಬದಿಗೆ ಕೂರುತ್ತಾರೆ ಎಂದೆ. ಸೀರೆ ಯಾವುದು ಕುಪ್ಪಸ ಯಾವುದು ತಿಳಿಯದ ಕೂಸಿಗೆ ನಿಮ್ಮ ರೋಲರಿನ ಕಾಯಿದೆ ತಿಳಿದೀತೇ ಎಂದೆ. ಅವಳ ತಲೆಗೆ ನಾನು ಹೇಳಿದ ಒಂದು ಮಾತೂ ಹೋದದ್ದಿಲ್ಲ, ಇಪ್ಪತ್ತೆರಡು ವರ್ಷ ಹೇಳಿ ನನ್ನ ಗಂಟಲೇ ಹರಿಯಿತು ಎಂದೆ. ಅವರು ಎರಡು ದಿನ ಊಟ ಬಿಟ್ಟರು. ಮೂರನೆಯ ದಿನ ಆಯಿತು ಮಾರಾಯರೇ, ಹುಚ್ಚರ ಸಂತೆಯಲ್ಲಿ ನಾನೂ ಒಬ್ಬಳಾಗುತ್ತೇನೆ ಎಂದು ಒಪ್ಪಿದೆ. ನಾವು ಡಾಂಬರು ಹಾಕಿದ ರಸ್ತೆಗಳ ಮೇಲೆಲ್ಲ ಮನೆಯನ್ನು ಇನ್ನೊಂದು ಸಲ ಎಳೆಸಿಕೊಂಡು ಹೋಗುವುದು. ಅವಳು ಎಲ್ಲಾದರೂ ಇದ್ದರೆ ನಮ್ಮ ಮುಖ ಮರೆತಿದ್ದರೂ ಮನೆ ಮರೆತಿರಲಿಕ್ಕಿಲ್ಲ ಎನ್ನುವುದು ಇವರ ಲೆಕ್ಕ.

ಹಾಗೆ ಕೆಲಸ ಶುರುವಾಯಿತು. ತುಕ್ಕು ತಿಂದ ತಗಡನ್ನು ಕತ್ತರಿಸಿ ಹೊಸ ಪಟ್ಟಿ ಕೂರಿಸಿ ರಿವೆಟ್ ಹೊಡೆಸಿದೆವು. ಕೆಳಗಿನ ಬೇವಿನ ತೊಲೆಯಲ್ಲಿ ಒಂದು ಪೂರ್ತಿ ಕೊಳೆತಿತ್ತು, ಅದನ್ನು ಬದಲಾಯಿಸಿದೆವು. ಛಾವಣಿಯ ಸಂದಿಗೆ ಇವರೇ ಹತ್ತಿ ಡಾಂಬರು ಕಾಯಿಸಿ ಬಿಟ್ಟರು. ಸೊಂಟ ಹಿಡಿದುಕೊಂಡು ಏಣಿ ಹತ್ತುವುದನ್ನು ನೋಡಿ ಬೈದೆ, ಕೇಳಲಿಲ್ಲ. ನಾನು ಎಂಟು ದಿನ ತಂತಿ ಬ್ರಶ್ಶು, ಉಪ್ಪುಕಾಗದ ಹಿಡಿದು ಹೊರಗಿನ ಹಳೆಯ ಬಣ್ಣ ಕೆರೆದೆ. ಕೈಯ ಗೆರೆಗಳೆಲ್ಲ ಅಳಿಸಿ ಹೋಗಿವೆ, ಈಗ ಯಾವ ಶಾಸ್ತ್ರದವನಿಗೂ ಕೈ ತೋರಿಸುವ ಹಾಗಿಲ್ಲ.

ಬಣ್ಣ ಹಚ್ಚಲು ತಿರುಪತಿ ಎನ್ನುವವನು ಬಂದ. ಒಂದು ಕಾಲಕ್ಕೆ ಮಾನ್ವಿಯ ಅಂಗಡಿಗಳ ಬೋರ್ಡೆಲ್ಲ ಅವನೇ ಬರೆದದ್ದು, ಫ್ಲೆಕ್ಸ್ ಬಂದ ಮೇಲೆ ಮನೆಗಳಿಗೆ ಸುಣ್ಣ ಬಳಿಯುತ್ತಾನೆ. ಅವನು ರೋಲರಿನ ಥಳಥಳ ಹಳದಿ ಡಬ್ಬಿ ತಂದು ಒಂದು ಬದಿಗೆ ಹಚ್ಚಿಯೇಬಿಟ್ಟಿದ್ದ. ಸಂತೆಯಿಂದ ಬಂದವಳು ನೋಡಿ ಚೀಲ ಒಗೆದು ಜಗಳಕ್ಕೆ ನಿಂತೆ. ಇದು ನಮ್ಮ ಮನೆಯ ಬಣ್ಣವೇ ಅಲ್ಲ ಎಂದೆ. ಅವನು ಕಿಟಕಿ ರೆಕ್ಕೆಯ ಹಿಂದೆ ಬಿಸಿಲು ಬೀಳದ ಜಾಗ ತೋರಿಸಿ, ಮೊದಲು ಇದೇ ಬಣ್ಣವಿತ್ತು ನೋಡಿರಿ ಎಂದ. ಮೊದಲು ಇತ್ತಪ್ಪಾ, ಆದರೆ ನನ್ನ ಮಗಳು ಹೋಗುವಾಗ ಇರಲಿಲ್ಲ. ಅವಳು ನೋಡಿದ್ದು ಬಿಸಿಲು ತಿಂದ ಹಳದಿ, ಹಳಸಿದ ಮಜ್ಜಿಗೆಯ ಹಾಗೆ ಇದ್ದದ್ದು. ಅದೇ ಬೇಕು ಎಂದೆ. ಅವನು ಕುಂಚ ಕೆಳಗಿಟ್ಟು ನನ್ನನ್ನೇ ನೋಡಿದ. "ಯವ್ವಾ, ಎಲ್ಲಾರೂ ಹಳೇದು ಹೊಸದಾಗಿ ಕಾಣಬೇಕು ಅಂತಾರ. ನೀ ಒಬ್ಬಾಕಿ ಹೊಸದು ಹಳೇದಾಗಿ ಕಾಣಬೇಕು ಅನ್ನಾಕತ್ತಿ." ಇವರು ಅವನನ್ನು ಬದಿಗೆ ಕರೆದು ವಿಷಯ ಹೇಳಿದರು. ಆಮೇಲೆ ಅವನು ಬಿಳಿ ಬೆರೆಸಿ, ಚೂರು ಕಂದು ಬೆರೆಸಿ, ತಗಡಿನ ತುಂಡಿನ ಮೇಲೆ ಬಳಿದು ಒಣಗಿಸಿ ತೋರಿಸಿದ. ಹದಿನಾಲ್ಕನೆಯ ತುಂಡಿಗೆ ನಾನು ಹೂಂ ಎಂದೆ. ಕಿಟಕಿಯ ಕೆಳಗೆ ಡಾಂಬರು ಇಳಿದ ಎರಡು ಕರಿ ಗೆರೆ ಇದ್ದವಲ್ಲ, ಅವನ್ನೂ ಬರೆಸಿದೆ.

ಇನ್ನು ಬಾಗಿಲ ಪಕ್ಕದ ಗಿಳಿ. ಇವರು ಮದುವೆಯಾದ ಹೊಸತರಲ್ಲಿ ನನ್ನನ್ನು ಮೆಚ್ಚಿಸಲು ಬರೆದದ್ದು. ನೀನು ಮೊದಲ ದಿನವೇ ನೋಡಿ, ಇದೇನಿದು ಕೋಳಿ, ಮೊಟ್ಟೆ ಇಡುತ್ತದೆಯೇ ಎಂದು ನಕ್ಕೆ. ಅಂದಿನಿಂದ ತಿಮ್ಮಿಗೆ ಅದು ಕೋಳಿಯೇ. ತಿರುಪತಿ ಒಳ್ಳೆಯ ಗಿಳಿ ಬರೆದುಕೊಡುತ್ತೇನೆ, ಪುಕ್ಕಟೆ ಬರೆಯುತ್ತೇನೆ ಎಂದು ಗೋಗರೆದ. ಇವರೇ ಕುಂಚ ಕಸಿದುಕೊಂಡು ಅದೇ ದಪ್ಪ ಹೊಟ್ಟೆ, ಅದೇ ಮೋಟು ಬಾಲ ಬರೆದರು.

ಶಿವರಾತ್ರಿ ಮುಗಿದ ಮೇಲೆ ಹೊರಡುತ್ತೇವೆ. ನನ್ನ ತಮ್ಮ ದುರುಗೇಶ ತನ್ನ ಟ್ರ್ಯಾಕ್ಟರ್ ತರುತ್ತಾನೆ. ಲತೀಫಾಳ ಕೂಸಿಗೆ ನನ್ನ ಮುತ್ತು, ನೂರು ವರ್ಷ ಬಾಳಲಿ, ಅಜ್ಜಿಯ ನಾಲಿಗೆ ಮಾತ್ರ ಬರದಿರಲಿ.

ನಿನ್ನ
ರೇಣುಕಮ್ಮ

ತಾ.ಕ.: ನನಗೆ ನಂಬಿಕೆ ಇಲ್ಲ ಎನ್ನುವ ಹಾಗೆ ಮೇಲೆ ಬರೆದಿದ್ದೇನೆ, ನಿಜವೇ. ಆದರೂ ನಿನ್ನೆ ಬಣ್ಣ ಒಣಗಿದ ಮೇಲೆ ದೂರ ನಿಂತು ನೋಡಿದೆ, ಒಳಗೆ ಬಂದು ಮೂರು ಜನಕ್ಕಾಗುವಷ್ಟು ಹಿಟ್ಟು ನಾದಿಬಿಟ್ಟೆ.

ದೇವದುರ್ಗ ರಸ್ತೆ
ಏಪ್ರಿಲ್ 6, 2025, ಭಾನುವಾರ

ಮುನವ್ವರ್ ಆಪಾ,

ತಡವಾದದ್ದಕ್ಕೆ ಈ ಸಲ ಕಾರಣವಿದೆ. ನಿನ್ನ ರಂಜಾನಿನ ರೋಜಾ ನಡೆಯುವಾಗ ಇದನ್ನು ಬರೆಯಲು ಕೈ ಬರಲಿಲ್ಲ. ಹಬ್ಬ ಮುಗಿಯಲಿ, ನೀನು ಮೊಮ್ಮಗುವಿಗೆ ಹೊಸ ಬಟ್ಟೆ ತೊಡಿಸಿ ಕಣ್ತುಂಬ ನೋಡಲಿ ಎಂದು ಕಾದೆ. ಈಗ ಎಲ್ಲಾದರೂ ಕುಳಿತುಕೋ.

ತಿಮ್ಮಿ ಸಿಕ್ಕಳು. ಸಿಕ್ಕಳು ಎನ್ನಬೇಕೋ ಏನನ್ನಬೇಕೋ ನನಗೆ ತಿಳಿಯದು. ಅವಳು ಇಲ್ಲ, ಆಪಾ. ಹೋಗಿ ಎರಡೂವರೆ ವರ್ಷವಾಗಿದೆ.

ಹೇಗೆಂದು ಕೇಳುತ್ತೀಯ. ನಾವು ಹೊರಟ ಮೊದಲ ದಿನ ಚೀಕಲಪರ್ವಿಯ ಕಡೆ ಹೋಗಿ ಬಂದೆವು, ಎರಡನೆಯ ದಿನ ಕುರ್ಡಿ. ಜನ ಓಡಿ ಬಂದು ನೋಡಿದರು. ಔಷಧಿ ಮಾರುವವರೇ ಎಂದು ಒಬ್ಬರು, ಯಾವ ಪಾರ್ಟಿಯ ಪ್ರಚಾರ ಎಂದು ಇನ್ನೊಬ್ಬರು. ದುರುಗೇಶನಿಗೆ ನಾಚಿಕೆಯಾಗಿ ಟವೆಲ್ಲಿನಿಂದ ಮುಖ ಮುಚ್ಚಿಕೊಂಡು ಟ್ರ್ಯಾಕ್ಟರ್ ಹೊಡೆಯುತ್ತಿದ್ದ. ಇವರು ಬಾಗಿಲಲ್ಲಿ ಕಾಲು ಇಳಿಬಿಟ್ಟು ಕುಳಿತು, ಪ್ರತಿ ಮೈಲಿಕಲ್ಲಿಗೂ ನಿಲ್ಲಿಸು ಎನ್ನುತ್ತಿದ್ದರು. ಐದು ನಿಮಿಷ ನಿಲ್ಲಬೇಕು, ಸುತ್ತ ನೋಡಬೇಕು, ಆಮೇಲೆ ಮುಂದೆ. ಮೂರನೆಯ ದಿನ ರಾಯಚೂರು ದಾಟಿ ಗಿಲ್ಲೆಸುಗೂರಿನ ತನಕ ಹೋದೆವು. ನನ್ನ ತಾಳ್ಮೆ ಅಲ್ಲಿಗೆ ಮುಗಿಯಿತು. ಸಾಕು, ಮನೆಗೆ ಹೋಗೋಣ ಎಂದೆ. ಮನೆಯಲ್ಲೇ ಕುಳಿತು ಮನೆಗೆ ಹೋಗೋಣ ಎನ್ನುವವಳು ನೀನೊಬ್ಬಳೇ ಎಂದು ಇವರು ನಕ್ಕರು. ಎಷ್ಟೋ ತಿಂಗಳ ಮೇಲೆ ನಕ್ಕಿದ್ದರು, ಅದಕ್ಕೇ ಮುಂದೆ ನಡೆಯಿರಿ ಎಂದೆ.

ಐದನೆಯ ದಿನ ದೇವದುರ್ಗದ ರಸ್ತೆ ಹಿಡಿದೆವು. ಊರು ಇನ್ನೂ ಎಂಟು ಕಿಲೋಮೀಟರ್ ಎನ್ನುವ ಕಲ್ಲಿನ ಎದುರಿಗೆ ಒಂದು ಚಪ್ಪರದ ಹೋಟೆಲಿದೆ, ಹೀರಾಬಿ ಎನ್ನುವ ಮುದುಕಿಯದು. ಮಿರ್ಚಿ ಕರಿಯುತ್ತಿದ್ದಳು. ನಮ್ಮನ್ನು ನೋಡಿದವಳು ಜಾಲರಿ ಸೌಟನ್ನು ಎಣ್ಣೆಯಲ್ಲೇ ಬಿಟ್ಟು ಎದ್ದು ಬಂದಳು. ನಮ್ಮ ಕಡೆ ನೋಡಲಿಲ್ಲ, ಮನೆಯ ಕಡೆ ನೋಡಿದಳು. ಒಂದು ಸುತ್ತು ಹಾಕಿದಳು. ಬಾಗಿಲ ಹತ್ತಿರ ನಿಂತು ಆ ದಪ್ಪ ಹೊಟ್ಟೆಯ ಗಿಳಿಯ ಮೇಲೆ ಕೈ ಇಟ್ಟಳು.

"ಹಳದಿ ಮನಿ. ಗಾಲಿ ಅದಾವ. ಕೋಳಿನೂ ಅದ," ಎಂದಳು. ಆಮೇಲೆ ನನ್ನ ಮುಖ ನೋಡಿ ಕೇಳಿದಳು, "ಯವ್ವಾ, ಇದು ಇಲ್ಲಿಗೆ ಬರಾಕ ಇಷ್ಟು ದಿನ ಬೇಕಾತೇನು?"

ಅದನ್ನು ಗಿಳಿ ಎನ್ನದವರು ಲೋಕದಲ್ಲಿ ಇಬ್ಬರೇ, ನೀನು ಮತ್ತು ತಿಮ್ಮಿ. ನನಗೆ ಆ ಕ್ಷಣಕ್ಕೇ ತಿಳಿಯಿತು. ಆದರೂ ಹುಚ್ಚಿಯ ಹಾಗೆ ಎಲ್ಲಿದ್ದಾಳೆ, ಒಳಗಿದ್ದಾಳೆಯೇ ಎಂದು ಹೋಟೆಲಿನೊಳಗೆ ನುಗ್ಗಿದೆ. ಒಳಗೆ ಹಿಟ್ಟಿನ ಡಬ್ಬಿ, ಸೌದೆ, ಒಂದು ಬೆಕ್ಕು.

ಹೀರಾಬಿ ನಮ್ಮನ್ನು ಕೂರಿಸಿ ಎಲ್ಲ ಹೇಳಿದಳು. ಆ ಶ್ರಾವಣದಲ್ಲಿ ರಾಯಚೂರಿನಿಂದ ಬಂದ ಬಸ್ಸು ಒಂದು ಹುಡುಗಿಯನ್ನು ಅಲ್ಲಿ ಇಳಿಸಿ ಹೋಯಿತಂತೆ. ಅವ್ವ, ಅವ್ವ ಎಂದು ಬಸ್ಸಿನಲ್ಲಿ ಕೂಗುತ್ತಿದ್ದಳಂತೆ, ಊರು ಯಾವುದೆಂದರೆ ಹೇಳಲಾರಳು. ಇಳಿದವಳು ನೇರ ಹೋಗಿ ಮೈಲಿಕಲ್ಲಿಗೆ ಬೆನ್ನು ಹಚ್ಚಿ ಕುಳಿತಳು. ಯಾರವಳು, ಯಾವ ಊರು ಎಂದು ಕೇಳಿದರೆ ಒಂದೇ ಮಾತು, "ಮನಿ ಬರ್ತದ." ಎಂಥ ಮನಿ ಎಂದರೆ, ಹಳದಿ, ಗಾಲಿ, ಕೋಳಿ. ಜನ ನಕ್ಕರಂತೆ. ಮನೆ ಎಲ್ಲಾದರೂ ನಡೆದು ಬರುತ್ತದೆಯೇ?

ಹತ್ತೊಂಬತ್ತು ದಿನ ಕುಳಿತಿದ್ದಳು, ಆಪಾ. ಹೀರಾಬಿ ದಿನಾ ಎರಡು ಹೊತ್ತು ಊಟ ಕೊಟ್ಟಿದ್ದಾಳೆ. ಒಳಗೆ ಬಾ ಎಂದರೆ ಬರಲಿಲ್ಲ, ಅದಕ್ಕೆ ತಲೆಯ ಮೇಲೆ ಪ್ಲಾಸ್ಟಿಕ್ ತಾಡಪತ್ರಿ ಕಟ್ಟಿದ್ದಾಳೆ. ಊರ ಹಿರಿಯರು ಬಂದು ಕೇಳಿದ್ದಾರೆ, ದೇವದುರ್ಗದ ಪೊಲೀಸರಿಗೆ ತಿಳಿಸಿದ್ದಾರೆ, ನಮ್ಮ ದೂರು ಇದ್ದದ್ದು ರಾಯಚೂರಿನ ಠಾಣೆಯಲ್ಲಿ. ಯಾರು ಬಂದರೂ ಹೆಸರು ಹೇಳಲಿಲ್ಲ. ರಸ್ತೆಯಲ್ಲಿ ಟ್ರ್ಯಾಕ್ಟರ್ ಸದ್ದಾದರೆ ಕಲ್ಲು ಹಿಡಿದುಕೊಂಡೇ ಎದ್ದು ನಿಲ್ಲುತ್ತಿದ್ದಳಂತೆ, ಅದು ದಾಟಿ ಹೋದರೆ ಮತ್ತೆ ಕೂರುತ್ತಿದ್ದಳಂತೆ. ಕೊನೆಯ ಒಂದು ವಾರ ಬಿಡದೆ ಮಳೆ ಹಿಡಿಯಿತು, ಜ್ವರ ಬಂತು. ಊರಿನವರೇ ಕಾಲುವೆಯ ದಂಡೆಗೆ ಮಣ್ಣು ಮಾಡಿದ್ದಾರೆ. ಹೀರಾಬಿ ತನ್ನ ಪೆಟ್ಟಿಗೆಯಿಂದ ಹೊಸ ಸೀರೆ ತೆಗೆದು ಉಡಿಸಿದ್ದಾಳೆ. ನಾವು ಆ ದಿನಗಳಲ್ಲಿ ಗುಂತಕಲ್ಲಿನ ಪ್ಲಾಟ್‌ಫಾರ್ಮಿನಲ್ಲಿ ಮಲಗಿದ್ದ ಹುಡುಗಿಯರ ಮುಖದ ಸೆರಗು ಸರಿಸಿ ಸರಿಸಿ ನೋಡುತ್ತಿದ್ದೆವು.

ನಂಬಲಾರದೆ ನಾನು ಗುರುತು ಕೇಳಿದೆ. ಹೀರಾಬಿ ಅಟ್ಟದ ಮೇಲಿನಿಂದ ಒಂದು ಜೊತೆ ಹಸಿರು ರಬ್ಬರ್ ಚಪ್ಪಲಿ ತಂದಳು. ಎಡಗಾಲಿನದಕ್ಕೆ ಇವರು ರೋಲರಿನ ತಾಮ್ರದ ತಂತಿ ಹಾಕಿ ಬಾರು ಬಿಗಿದದ್ದು ಹಾಗೇ ಇತ್ತು. ಇವರು ಅದನ್ನು ತೊಡೆಯ ಮೇಲಿಟ್ಟುಕೊಂಡು ತಂತಿಯನ್ನು ಬೆರಳಿನಿಂದ ಮುಟ್ಟಿ ಮುಟ್ಟಿ ನೋಡಿದರು. ನಾನು ನೆಲಕ್ಕೆ ಹಣೆ ಬಡಿದುಕೊಂಡೆ ಎಂದು ದುರುಗೇಶ ಹೇಳುತ್ತಾನೆ, ನನಗೆ ನೆನಪಿಲ್ಲ.

ಮಣ್ಣಿನ ಮೇಲೆ ಹಾಲು ಬಿಟ್ಟೆವು. ನಾನು ಮಾಡಿದ ರೊಟ್ಟಿ, ಅವಳಿಗೆ ಇಷ್ಟವಾದ ಶೇಂಗಾ ಹಿಂಡಿ ಇಟ್ಟೆವು. ಜಾಲಿ ಗಿಡದ ಕೆಳಗೆ ಪುಟ್ಟ ದಿಬ್ಬ. ಇವರು ದಿಬ್ಬದ ಹತ್ತಿರ ಕುಕ್ಕರಗಾಲಲ್ಲಿ ಕುಳಿತು, ಬಂದೀನವ್ವ, ತಡ ಆತು ಎಂದರು, ಬಸ್ಸು ತಪ್ಪಿ ತಡವಾಗಿ ಬಂದವರ ಹಾಗೆ.

ತಿರುಗಿ ಹೊರಡುವ ಹೊತ್ತಿಗೆ ದುರುಗೇಶ ಟ್ರ್ಯಾಕ್ಟರ್ ಚಾಲೂ ಮಾಡಿದ. ಇವರು ಕೊಂಡಿ ಕಳಚಿಬಿಟ್ಟರು. "ಮನಿ ಬಂತಲ್ಲ. ಇನ್ನ ಇದು ಎಲ್ಲಿಗೂ ಹೋಗೂದಿಲ್ಲ," ಎಂದರು. ನಾನು ಒಳಗೆ ಹೋಗಿ ಒಲೆ ಹಚ್ಚಿದೆ. ಹೀರಾಬಿಯ ಹೋಟೆಲಿನ ಹಿಂದಿನ ಜಾಗದವರು ಇರಿ ಎಂದಿದ್ದಾರೆ. ಇವರು ನಾಲ್ಕೂ ಗಾಲಿ ಬಿಚ್ಚಿ ಕೆಳಗೆ ಕಲ್ಲು ಕೊಟ್ಟಿದ್ದಾರೆ. ನಾನು ಹೋಟೆಲಿಗೆ ರೊಟ್ಟಿ ಬಡಿದುಕೊಡುತ್ತೇನೆ. ಹೀರಾಬಿ ನಿನ್ನ ಹಾಗೇ ಬಾಯಿಬಡುಕಿ, ನಿನ್ನಷ್ಟು ಚೆನ್ನಾಗಿ ಚಾ ಮಾಡಲು ಮಾತ್ರ ಬರುವುದಿಲ್ಲ. ಹಗಲು ಹೇಗೋ ಹೋಗುತ್ತದೆ. ಇವರು ಊಟ ಮಾಡುತ್ತಾರೆ, ಅಷ್ಟು ಸಾಕು.

ನೀನು ಒಮ್ಮೆ ಬಾ. ಶಹಾಪುರದಿಂದ ಬಸ್ಸಿದೆ, ಡ್ರೈವರನಿಗೆ ಹಳದಿ ಮನೆಯ ಹತ್ತಿರ ಇಳಿಸು ಎಂದರೆ ಇಳಿಸುತ್ತಾನೆ, ಈಗ ಎಲ್ಲರಿಗೂ ಗೊತ್ತಾಗಿದೆ. ಖಲೀಲಣ್ಣನ ಮಂಡಿಗೆ ಒಳ್ಳೆಯದಾಗಲಿ. ಲತೀಫಾ, ಅವಳ ಕೂಸು, ನಿನ್ನ ಮನೆತನವೆಲ್ಲ ತಣ್ಣಗಿರಲಿ. ನಿನ್ನ ನಮಾಜಿನಲ್ಲಿ ನನ್ನ ಕೂಸಿನ ಹೆಸರು ತೆಗೆದುಕೋ.

ನಿನ್ನ ತಂಗಿ
ರೇಣುಕಮ್ಮ

ತಾ.ಕ.: ಇದನ್ನು ನೀನೊಬ್ಬಳೇ ಓದು. ಇವರಿಗೆ ಹೇಳಿಲ್ಲ, ಹೇಳುವುದೂ ಇಲ್ಲ. ಮೊನ್ನೆ ರೊಟ್ಟಿ ಬಡಿಯುವಾಗ ಹೀರಾಬಿ ನನ್ನ ಹತ್ತಿರ ಕುಳಿತು, ನಿನ್ನ ಗಂಡನ ಮುಂದೆ ಹೇಳಲಾಗಲಿಲ್ಲ ಎಂದು ಕೊನೆಯ ದಿನದ ಮಾತು ಹೇಳಿದಳು. ಮೈ ಕೆಂಡವಾಗಿತ್ತಂತೆ. ದವಾಖಾನೆಗೆ ಒಯ್ಯಲು ಆಟೋ ತರಿಸಿ ನಾಲ್ಕು ಹೆಂಗಸರು ಎತ್ತಲು ಹೋದರಂತೆ. ಅವಳು ಮೈಲಿಕಲ್ಲನ್ನು ಎರಡೂ ಕೈಯಿಂದ ತಬ್ಬಿ ಹಿಡಿದು ಬಿಡಲೇ ಇಲ್ಲವಂತೆ. ಏಳವ್ವ, ಬದುಕ್ತಿ ಎಂದು ಹೀರಾಬಿ ಕಾಲು ಹಿಡಿದಾಗ, "ಎದ್ರ ಅವ್ವ ಬಡೀತಾಳ" ಎಂದಳಂತೆ. ಆರು ವರ್ಷದವಳಿದ್ದಾಗ ಕಲ್ಲು ಬಿಟ್ಟು ಎದ್ದು ಹೋದಳೆಂದು ಹುಣಸೆ ಬರಲಿನಿಂದ ನಾನು ಬಡಿದದ್ದು ಅದೊಂದೇ ಸಲ. ನಿನಗೆ ನೆನಪಿರಬೇಕು ಆಪಾ, ಆ ಬರಲನ್ನು ನನ್ನ ಕೈಯಿಂದ ಕಸಿದುಕೊಂಡವಳು ನೀನೇ.